ಲಿಮಿಟ್ ಹೋಲ್ಡೆಮ್: ಮೊದಲೇ ಬಾಯಿ ಬಿಡಬೇಕಾದ ಜಾಗದಲ್ಲಿ ಕೈಗೆ ಜೋಡಿ ಬಂದರೆ

ಲಿಮಿಟ್ ಹೋಲ್ಡೆಮ್ ಅಂದರೆ ಪ್ರತಿ ಸುತ್ತಿನ ಬೆಟ್‌ಗೆ ಮಿತಿಯಿರುವ ಪೋಕರ್; ಒಬ್ಬೊಬ್ಬರ ಕೈಗೆ ಎರಡೆರಡು ಎಲೆ. ಎಕ್ಕದ ಜೋಡಿ, ರಾಜನ ಜೋಡಿ, ರಾಣಿ ಜೋಡಿ ಬಂದರೆ ರೇಸ್ ಮಾಡಿ, ಅಂದರೆ ಬೆಟ್ ಏರಿಸಿ. ನಿಮ್ಮ ನಂತರದವರು ಏರಿಸಿದರೆ ನೀವೂ ಮತ್ತೆ ಏರಿಸಿ. ಇದರಲ್ಲಿ ಬರೆಯುವಂಥದ್ದೇನಿಲ್ಲ. ನನ್ನ ತಲೆ ತಿಂದದ್ದು ಚಿಕ್ಕ ಜೋಡಿಗಳು, ಅಂದರೆ ಎರಡರಿಂದ ಆರರವರೆಗಿನವು. ಅದೂ ಬ್ಲೈಂಡ್‌ಗಳ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ದುಡ್ಡು ಹಾಕುವ ಇಬ್ಬರು) ಪಕ್ಕದಲ್ಲೇ ಕೂತು, ಮಿಕ್ಕವರು ಏನು ಮಾಡುತ್ತಾರೋ ಗೊತ್ತಾಗುವ ಮೊದಲೇ ತೀರ್ಮಾನಿಸಬೇಕಾದಾಗ.

ಕೈಯಲ್ಲಿ ನಾಲ್ಕರ ಜೋಡಿ ಇದೆ ಅಂದುಕೊಳ್ಳಿ. ನಮಗೆ ಕಾಣದ ಎಲೆಗಳು 50, ಅದರಲ್ಲಿ ನಾಲ್ಕುಗಳು ಇನ್ನೆರಡೇ. ಫ್ಲಾಪ್‌ನ, ಅಂದರೆ ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಮೊದಲು ತೆರೆಯುವ, ಮೂರು ಎಲೆಗಳು 19,600 ಬಗೆಯಲ್ಲಿ ಬೀಳಬಹುದು. 17,296 ಬಗೆಗಳಲ್ಲಿ ನಾಲ್ಕಿನ ಸುಳಿವೇ ಇರುವುದಿಲ್ಲ. ಉಳಿದದ್ದು 2,304, ಅಂದರೆ ಸುಮಾರು ಶೇ 11.8. ಹೆಚ್ಚುಕಡಿಮೆ 8.5 ಸಲಕ್ಕೊಮ್ಮೆ ಸೆಟ್ (ಒಂದೇ ಅಂಕಿಯ ಮೂರು ಎಲೆ) ಅಥವಾ ಅದಕ್ಕೂ ಮೇಲಿನದು.

ನಾನು ಮುಗ್ಗರಿಸಿದ್ದು ಇಲ್ಲೇ. 8.5 ಕಂಡ ಕೂಡಲೇ ‘ಹಾಗಾದರೆ 8.5 ಬೆಟ್ ಗೆಲ್ಲಬೇಕು’ ಎಂದು ಬರೆದುಕೊಂಡೆ. ತಪ್ಪು. 8.5 ಸಲದಲ್ಲಿ ಒಂದು ಸಲ ಸೆಟ್, 7.5 ಸಲ ಬರಿಗೈ. ಆ 7.5 ಸಲ ಕಳೆದುಕೊಂಡ 7.5 ಬೆಟ್‌ಗಳನ್ನು ಒಂದೇ ಗೆಲುವಿನಲ್ಲಿ ವಾಪಸ್ ತರಬೇಕು. ಗೆದ್ದ ಸಲ ನಾನು ಹಾಕಿದ ಬೆಟ್ ನನಗೇ ಮರಳುತ್ತದೆ, ಅದು ಲಾಭವಲ್ಲ. ಹಾಗಾಗಿ ಈಗ ಬೇರೆಯವರ ದುಡ್ಡನ್ನು ಮಾತ್ರ ಎಣಿಸುತ್ತೇನೆ.

ಆ 7.5 ಎಲ್ಲಿಂದ ಬರಬೇಕು? ನೋ-ಲಿಮಿಟ್‌ನಲ್ಲಾದರೆ ಎದುರಾಳಿಯ ಮುಂದಿರುವ ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆ) ರಾಶಿಯಿಂದ. ಲಿಮಿಟ್‌ನಲ್ಲಿ ರಾಶಿ ಎಷ್ಟೇ ದೊಡ್ಡದಿದ್ದರೂ ಬೆಟ್‌ಗೆ ಮಿತಿಯಿದೆ: ಫ್ಲಾಪ್‌ನಲ್ಲಿ ಒಂದು ಸಣ್ಣ ಬೆಟ್, ಟರ್ನ್ ಮತ್ತು ರಿವರ್‌ನಲ್ಲಿ (ಮೇಜಿನ ಮೇಲಿನ ನಾಲ್ಕನೆಯ, ಐದನೆಯ ಎಲೆ) ಅದರ ಎರಡರಷ್ಟು. ರೇಸ್ ಇಲ್ಲದೆ ಒಬ್ಬ ಕೊನೆಯವರೆಗೂ ಕಾಲ್ ಮಾಡಿದರೂ (ಬೆಟ್‌ನಷ್ಟೇ ತಾನೂ ಹಾಕಿದರೂ) ಅವನಿಂದ ಸಿಗುವುದು 1+2+2, ಐದೇ ಸಣ್ಣ ಬೆಟ್. ಅಲ್ಲಿ ಚಿಪ್ಸ್ ಎಣಿಸಿ, ಇಲ್ಲಿ ತಲೆ ಎಣಿಸಿ. ನೋ-ಲಿಮಿಟ್ ಅಭ್ಯಾಸ ಹೊತ್ತು ತಂದವರು (ನಾನೂ ಸೇರಿ) ಇದನ್ನು ಮರೆಯುತ್ತಾರೆ.

ಎರಡು ಸಂದರ್ಭ ಹಾಕಿ ನೋಡಿದೆ. ಮೊದಲನೆಯದರಲ್ಲಿ ನಾನು ಕಾಲ್ ಮಾಡುತ್ತೇನೆ, ಬ್ಲೈಂಡ್ ಸೇರಿ ಇನ್ನೂ ನಾಲ್ವರು ಒಂದೊಂದೇ ಬೆಟ್‌ಗೆ ಬರುತ್ತಾರೆ. ಪಾಟ್‌ನಲ್ಲಿ (ನಡುವೆ ಕೂಡಿದ ದುಡ್ಡು) ಬೇರೆಯವರ 4, ಕೊನೆಯವರೆಗೂ ಬರುವ ಒಬ್ಬನಿಂದ 5, ಒಟ್ಟು 9. ಬೇಕಿದ್ದದ್ದು 7.5. ಸೆಟ್ ಇದ್ದೂ ಸೋಲುವ ದಿನಗಳಿಗೆ ಆ ಒಂದೂವರೆ ಬೆಟ್ ಮೀಸಲು. ಇಬ್ಬರು ಬಂದರಂತೂ 14.

ಎರಡನೆಯದರಲ್ಲಿ ನಾನು ಕಾಲ್ ಮಾಡಿದೆ, ನನ್ನ ನಂತರದ ಒಬ್ಬ ರೇಸ್ ಮಾಡಿದ, ಬ್ಲೈಂಡ್ ಸಹಿತ ಮಿಕ್ಕವರೆಲ್ಲ ಎಲೆ ಎಸೆದರು. ನನಗೀಗ ಖರ್ಚು 2 ಬೆಟ್, ಆದ್ದರಿಂದ ಬೇಕಿರುವುದು 15. ಬರುವುದು ಅವನ 2, ಬ್ಲೈಂಡ್‌ಗಳ 1.5, ಆಮೇಲಿನ 5, ಸೇರಿ 8.5. (ಮೇಲಿನ 8.5ಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿದ್ದು ಅರ್ಧ ಗಂಟೆ ಹಾಳಾಯಿತು.) ದೊಡ್ಡ ನಷ್ಟ. ತಮಾಷೆಯೆಂದರೆ, ಆ ರೇಸ್‌ಗೆ ಇನ್ನೊಂದು ಬೆಟ್ ಹಾಕುವುದು ತಪ್ಪಲ್ಲ. ಪಾಟ್‌ನಲ್ಲಿ ಆಗಲೇ 4.5 ಇದೆ, ಮುಂದೆ 5 ಬರಬಹುದು. ಒಟ್ಟು 9.5, ಬೇಕಿರುವುದು 7.5. ಅಂಚಿನಲ್ಲಿದೆ, ಆದರೆ ನಡೆಯುತ್ತದೆ. ತಪ್ಪಿದ್ದದ್ದು ಮೊದಲ ಕಾಲ್‌ನಲ್ಲಿ.

ಆದ್ದರಿಂದ ಎಲೆ ನೋಡುವ ಮೊದಲೇ ಟೇಬಲ್ ನೋಡಬೇಕು. ಕಳೆದ ಕೆಲವು ಆಟಗಳಲ್ಲಿ ಎಷ್ಟು ಜನ ರೇಸ್ ಇಲ್ಲದೆ ಫ್ಲಾಪ್ ನೋಡಿದರು? ನನ್ನನ್ನು ಬಿಟ್ಟು ನಾಲ್ವರಿಗಿಂತ ಕಡಿಮೆ, ಅಥವಾ ಪದೇ ಪದೇ ರೇಸ್ ಆಗುತ್ತಿದ್ದರೆ, ಎರಡರಿಂದ ಆರರವರೆಗಿನ ಜೋಡಿ ಫೋಲ್ಡ್, ಅಂದರೆ ಎಲೆ ಎಸೆಯಿರಿ. ಏಳರಿಂದ ಒಂಬತ್ತರ ಜೋಡಿಗೆ ಇಷ್ಟು ಬಿಗಿ ಬೇಡ; ಫ್ಲಾಪ್‌ನಲ್ಲಿ ಸಣ್ಣ ಎಲೆಗಳೇ ಬಿದ್ದರೆ ಸೆಟ್ ಇಲ್ಲದೆಯೂ ಗೆಲ್ಲಬಹುದು.

ಗುಲಾಮನ ಜೋಡಿಗೆ ಫ್ಲಾಪ್‌ನಲ್ಲಿ ಅದಕ್ಕಿಂತ ದೊಡ್ಡ ಎಲೆ ಬೀಳುವ ಸಾಧ್ಯತೆ ಶೇ 57, ಹತ್ತರ ಜೋಡಿಗೆ ಶೇ 69.5. ಆದರೂ ಎರಡಕ್ಕೂ ರೇಸ್ ಮಾಡುತ್ತೇನೆ, ಸುಮ್ಮನೆ ಬಿಟ್ಟರೆ ಬಿಡಿ ರಾಣಿ, ಬಿಡಿ ರಾಜ ಹಿಡಿದವರೂ ಅಗ್ಗದಲ್ಲಿ ಒಳಗೆ ನುಗ್ಗುತ್ತಾರೆ.

ಸೆಟ್ ಬಿತ್ತೇ? ಬಚ್ಚಿಡಬೇಡಿ, ಬೆಟ್ ಮಾಡಿ. ಫ್ಲಾಪ್‌ನಲ್ಲಿ ಬಿಟ್ಟ ಬೆಟ್ಟನ್ನು ರಿವರ್‌ನಲ್ಲಿ ದುಪ್ಪಟ್ಟು ಮಾಡಿ ವಸೂಲಿ ಮಾಡಲು ಲಿಮಿಟ್ ಬಿಡುವುದಿಲ್ಲ. ಸೆಟ್ ಬೀಳದೆ, ನಾಲ್ಕು ಜನ ಉಳಿದು, ಒಬ್ಬ ಬೆಟ್ ಮಾಡಿದನೇ? ಚಿಕ್ಕ ಜೋಡಿಯ ಕಥೆ ಅಲ್ಲಿಗೆ ಮುಗಿಯಿತು.