ಮ್ಯಾಪ್ ಕಲಿತ ದಾರಿ, ನಾವು ಕಲಿಯದ ದಾರಿ

“ಡಾಕ್ಟ್ರೇ, ನನಗೆ ಮರೆವಿನ ಕಾಯಿಲೆ ಏನಾದರೂ ಉಂಟಾ?”

ಕೇಳಿದವನಿಗೆ 23 ವರ್ಷ. ಮಂಗಳೂರಿನಲ್ಲಿ ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ಎರಡು ವರ್ಷದಿಂದ ದಿನವೂ ಕದ್ರಿ, ಬಿಜೈ, ಕಂಕನಾಡಿ ಸುತ್ತುತ್ತಾನೆ. ಮೊನ್ನೆ ಮೊಬೈಲ್ ಚಾರ್ಜ್ ಮುಗಿದಾಗ ಮಲ್ಲಿಕಟ್ಟೆಯಿಂದ ಜ್ಯೋತಿ ಸರ್ಕಲ್‌ಗೆ ಹೋಗುವ ದಾರಿಯೇ ತೋಚಲಿಲ್ಲವಂತೆ. ತುಂಬಾ ಹೆದರಿದ್ದ.

ಪರೀಕ್ಷೆ ಮಾಡಿದೆ. ನೆನಪು ಚೆನ್ನಾಗಿಯೇ ಇತ್ತು. ದಾರಿಯನ್ನು ಅವನು ಮರೆತಿರಲಿಲ್ಲ, ಕಲಿತೇ ಇರಲಿಲ್ಲ. ಮ್ಯಾಪ್ ಹೇಳುತ್ತಿತ್ತು, ಕೈ ಹ್ಯಾಂಡಲ್ ತಿರುಗಿಸುತ್ತಿತ್ತು, ಅಷ್ಟೇ.

ಮೆದುಳಿನ ಒಳಗೆ ಎರಡೂ ಬದಿಯಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ಆಕಾರ ಕಡಲಕುದುರೆಯ ಹಾಗೆ. ಹೊಸ ನೆನಪು ಕೂರಲು, ದಾರಿಯ ನಕ್ಷೆ ಮೂಡಲು ಅದು ಬೇಕೇ ಬೇಕು. ಲಂಡನ್ನಿನ ಟ್ಯಾಕ್ಸಿಯವರು ಲೈಸೆನ್ಸ್‌ಗಾಗಿ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಅದಕ್ಕೇ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಇವರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಉಳಿದವರಿಗಿಂತ ದೊಡ್ಡದಿದೆ ಎಂದು ನರವಿಜ್ಞಾನಿ ಎಲೀನರ್ ಮ್ಯಾಗ್ವೈರ್ ತಂಡ 2000ರಲ್ಲಿ ತೋರಿಸಿತು. ಹುಟ್ಟಿನಿಂದಲೇ ಹಾಗಿತ್ತೇನೋ ಅನ್ನಬಹುದು, ಅಲ್ವಾ? ಅದಕ್ಕೆ 79 ಕಲಿಕೆಯವರನ್ನು ಮೊದಲಿನಿಂದ ಗಮನಿಸಿದರು. ಶುರುವಿನಲ್ಲಿ ಎಲ್ಲರದ್ದೂ ಒಂದೇ ತರಹ. ಕೊನೆಗೆ ಪಾಸಾದವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಇದು 2011ರ ಮಾತು. ಅದೇ ಊರಲ್ಲಿ, ಅದೇ ಟ್ರಾಫಿಕ್‌ನಲ್ಲಿ, ಗೊತ್ತುಮಾಡಿದ ರೂಟಿನಲ್ಲೇ ಓಡಿಸುವ ಬಸ್ ಚಾಲಕರಲ್ಲಿ ಅದು ಟ್ಯಾಕ್ಸಿಯವರಷ್ಟು ದೊಡ್ಡದಿರಲಿಲ್ಲ. ಬರೀ ಓಡಾಟ ಸಾಲದು. ದಾರಿ ಹುಡುಕುವ ಕೆಲಸ ನಾವೇ ಮಾಡಬೇಕು.

2017ರ ಇನ್ನೊಂದು ಅಧ್ಯಯನ ಈ ಹುಡುಗನ ಕಥೆಗೆ ಇನ್ನೂ ಹತ್ತಿರ. ಸ್ಕ್ಯಾನರ್‌ನಲ್ಲಿ ಮಲಗಿ, ಲಂಡನ್ನಿನ ಸೋಹೋ ಬೀದಿಗಳ ವಿಡಿಯೋದಲ್ಲಿ ತಾವೇ ದಾರಿ ಹುಡುಕಿದಾಗ ಜನರ ಹಿಪ್ಪೊಕ್ಯಾಂಪಸ್ ಪ್ರತಿ ಹೊಸ ಬೀದಿ ಬಂದಾಗ ಚುರುಕಾಗುತ್ತಿತ್ತು. ಯಂತ್ರ ಹೇಳಿದಂತೆ ಹೋದಾಗ ಆ ಚುರುಕು ಕಾಣಲಿಲ್ಲ.

ಹಾಗಂತ ಫೋನ್ ಬಿಡು ಅಂತ ನಾನು ಹೇಳಲಿಲ್ಲ. ಅವನ ಅನ್ನ ಅದರಲ್ಲೇ ಇದೆ. ಹೊರಡುವ ಮೊದಲು ಮ್ಯಾಪ್ ನೋಡು, ತಿರುವುಗಳನ್ನು ಒಮ್ಮೆ ಬಾಯಲ್ಲಿ ಹೇಳಿಕೋ, ಆಮೇಲೆ ಫೋನ್ ಜೇಬಿಗೆ ಹಾಕು ಅಂದೆ. ತಪ್ಪಿದರೆ ಗಾಡಿ ನಿಲ್ಲಿಸಿ ನೋಡು. ತಡಕಾಡುವ ಆ ಒಂದು ನಿಮಿಷದಲ್ಲೇ ಮೆದುಳು ಕಲಿಯುವುದು. ಓದುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ: ಉತ್ತರ ಹುಡುಕುವ ಮೊದಲು ನೆನಪು ಮಾಡಿಕೊಳ್ಳಲು ನೋಡಿ, ತಪ್ಪಾದರೂ ಸರಿ.

ಆರು ವಾರ ಬಿಟ್ಟು ಬಂದ. ನನ್ನ ಚೀಟಿಯ ಹಿಂದೆ ಕದ್ರಿಯಿಂದ ಜ್ಯೋತಿವರೆಗಿನ ದಾರಿ ಬರೆದು ತೋರಿಸಿದ. ಮಧ್ಯೆ ಬಿಜೈ ಕಡೆಗೆ ಒಂದು ಗೆರೆ. “ಇದು ಒಳದಾರಿ ಡಾಕ್ಟ್ರೇ, ಮ್ಯಾಪ್ ಇದನ್ನು ತೋರಿಸುವುದಿಲ್ಲ,” ಅಂದ.