ಒಂದೇ ಕಪ್ ಎಣ್ಣೆ, ಆರು ಅಂಕಿ: ಯಾವುದನ್ನು ನಂಬೋದು?

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ 11 ಕೆವಿ (ಕಿಲೋವೋಲ್ಟ್) ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬಿಡಿವಿ (ಬ್ರೇಕ್‌ಡೌನ್ ವೋಲ್ಟೇಜ್, ಅಂದರೆ ಎಣ್ಣೆ ಎಷ್ಟು ವೋಲ್ಟೇಜಿಗೆ ಸೋಲುತ್ತದೆ ಅನ್ನುವ) ಟೆಸ್ಟ್ ಮಾಡಿಸಿದೆವು. ಒಂದೇ ಕಪ್ ಎಣ್ಣೆಗೆ 38, 52, 44, 31, 49, 56 ಕೆವಿ ಅಂತ ಆರು ಅಂಕಿ ಬಂತು. ಮಿಷನ್ ಕೆಟ್ಟಿದೆಯಾ ಸರ್?

ಇರಲಿಕ್ಕಿಲ್ಲ. ಆರೂ ಸಲ 45, 45 ಅಂತ ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಟೆಸ್ಟ್ ಮಾಡಿದರಾ, ಸುಮ್ನೆ ಬರೆದುಕೊಟ್ಟರಾ ಅಂತ.

ಕಪ್ಪಿನೊಳಗೆ ಎರಡು ಎಲೆಕ್ಟ್ರೋಡ್ ಎದುರುಬದುರು ಇರುತ್ತವೆ. ನಡುವಿನ ಸಂದು 2.5 ಮಿಲಿಮೀಟರ್. ವೋಲ್ಟೇಜನ್ನು ಸೆಕೆಂಡಿಗೆ 2 ಕೆವಿಯಂತೆ ಏರಿಸುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಚಟ್ ಅಂತ ಕಿಡಿ ಹಾರುತ್ತದೆ, ಮಿಷನ್ ಟ್ರಿಪ್ ಆಗುತ್ತದೆ. ಆ ಕ್ಷಣದ ವೋಲ್ಟೇಜೇ ನಿಮ್ಮ ಅಂಕಿ. ಅಷ್ಟೇ ಸಂದಿನಲ್ಲಿ ಬರೀ ಗಾಳಿ ಇದ್ದರೆ 10 ಕೆವಿ ಮುಟ್ಟುವ ಮೊದಲೇ ಕಿಡಿ ಹಾರಿಬಿಡುತ್ತದೆ. ಎಣ್ಣೆ ಹಾಕುವುದೇ ಅದಕ್ಕೆ ಅಲ್ವಾ.

ಆದರೆ ಕಿಡಿ ಹಾರುವುದು ಎಣ್ಣೆ ಇಡಿಯಾಗಿ ಸೋತಾಗ ಅಲ್ಲ. ಕೆರೆ ಏರಿ ಒಡೆಯುವುದು ಏಡಿ ಬಿಲ ಇರುವ ಕಡೆ ತಾನೇ? ಇಲ್ಲೂ ಹಾಗೆಯೇ. ಎಣ್ಣೆಯಲ್ಲಿ ಕಣ್ಣಿಗೆ ಕಾಣದ ಕಾಗದದ ಎಳೆ, ಬಟ್ಟೆಯ ನಾರು, ಧೂಳು ತೇಲುತ್ತಿರುತ್ತವೆ. ನಾರು ನೀರನ್ನು ಹೀರಿಕೊಂಡರೆ ಇನ್ನೂ ಕಷ್ಟ. ವೋಲ್ಟೇಜ್ ಏರಿದಂತೆ ಇಂಥ ಎಳೆಗಳು ಸಂದಿನ ಕಡೆಗೆ ಸೆಳೆಯಲ್ಪಟ್ಟು, ಸಾಲಾಗಿ ನಿಂತು, ಕಾಲುಸಂಕದ ಹಾಗೆ ಆಗುತ್ತವೆ. ಕರೆಂಟಿಗೆ ಅಷ್ಟು ಸಾಕು. ಒಂದು ಸಲ ಎಳೆ ಸಂದಿಗೆ ಬಂತು, 31 ಆಯಿತು. ಮುಂದಿನ ಸಲ ಬರಲಿಲ್ಲ, 49 ಆಯಿತು.

ಅದಕ್ಕೇ ಭಾರತೀಯ ಮಾನದಂಡ ಐಎಸ್ 6792 ಆರು ಸಲ ಮಾಡಿ ಸರಾಸರಿ ತೆಗೆಯಿರಿ ಅನ್ನುತ್ತದೆ. ನಿಮ್ಮದು 45. ಬಳಕೆಯಲ್ಲಿರುವ ಎಣ್ಣೆಗೆ, 72.5 ಕೆವಿಗಿಂತ ಕೆಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ, ಐಎಸ್ 1866 ಕೇಳುವುದು ಕನಿಷ್ಠ 30. ಪಾಸು. ಚೆನ್ನಾಗಿ ಕಾಣಲಿ ಅಂತ ಆ 31ನ್ನು ಮಾತ್ರ ಹೊಡೆದುಹಾಕಬೇಡಿ, ಅದೂ ನಿಮ್ಮ ಎಣ್ಣೆಯದೇ ಮಾತು.

ಅಂಕಿಗಿಂತ ಜಾಸ್ತಿ ನನಗೆ ಚಿಂತೆ ಸ್ಯಾಂಪಲ್ ಬಗ್ಗೆ. ಒಮ್ಮೆ ನಾನೇ ಕಪ್ಪನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಟೆಸ್ಟಿಗೆ ಇಟ್ಟೆ. ಬಂದದ್ದು 14! ಎಣ್ಣೆ ಕೆಟ್ಟೇ ಹೋಯಿತು ಅಂದುಕೊಂಡೆ. ಕಪ್ಪನ್ನು ಅದೇ ಎಣ್ಣೆಯಲ್ಲಿ ಎರಡು ಸಲ ತೊಳೆದು ಮತ್ತೆ ಮಾಡಿದರೆ 40 ದಾಟಿತು. ಕೆಟ್ಟಿದ್ದು ಎಣ್ಣೆಯಲ್ಲ, ನನ್ನ ಬನಿಯನ್ನು. ಕಾಟನ್ ವೇಸ್ಟ್ ಕೂಡ ಅಷ್ಟೇ ಅಪಾಯ.

ಮಳೆ ಹನಿಯುವಾಗ ಸ್ಯಾಂಪಲ್ ತೆಗೆಯಬೇಡಿ. ಕೆಳಗಿನ ವಾಲ್ವ್ ತೆರೆದು ಮೊದಲು ಬರುವ ಕೊಳೆ ಎಣ್ಣೆಯನ್ನು ಹರಿಯಬಿಡಿ, ಆಮೇಲೆ ಒಣಗಿದ ಬಾಟಲಿಗೆ ಹಿಡಿಯಿರಿ. ಬಾಟಲಿ ರೂಮಿನ ಬಿಸಿಗೆ ಬಂದ ಮೇಲೇ ಮುಚ್ಚಳ ತೆಗೆಯಿರಿ. ಇಲ್ಲದಿದ್ದರೆ ತಣ್ಣನೆ ಎಣ್ಣೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಪ್ಪಿಗೆ ಹಾಕುವಾಗ ಗುಳ್ಳೆ ಏಳದ ಹಾಗೆ ಅಂಚಿನಲ್ಲಿ ನಿಧಾನಕ್ಕೆ ಇಳಿಬಿಡಿ, ಐದು ನಿಮಿಷ ಬಿಟ್ಟು ಶುರು ಮಾಡಿ. ಎರಡು ಕಿಡಿಗಳ ನಡುವೆ ಎರಡು ನಿಮಿಷ ತಡೆಯಿರಿ.

ಇನ್ನೊಂದು ಮಾತು. ಬಿಡಿವಿ ಚೆನ್ನಾಗಿದೆ ಅಂದಮಾತ್ರಕ್ಕೆ ಎಣ್ಣೆ ಹೊಸದಿದ್ದ ಹಾಗೆ ಅಂತ ತಿಳಿಯಬೇಡಿ. ಈ ಟೆಸ್ಟ್ ಹೇಳುವುದು ನೀರು ಮತ್ತು ಕಸದ ಕಥೆ ಮಾತ್ರ. ವಯಸ್ಸಾಗಿ ಹುಳಿ ಏರಿದ ಎಣ್ಣೆಯೂ ಫಿಲ್ಟರ್ ಮಿಷನ್ನಿಗೆ ಹಾಕಿ ತೆಗೆದರೆ ಇಲ್ಲಿ ಪಾಸಾಗಿಬಿಡುತ್ತದೆ. ಆಮ್ಲ ಎಷ್ಟಿದೆ ಅನ್ನುವುದಕ್ಕೆ ಬೇರೆ ಟೆಸ್ಟ್ ಇದೆ. ಫಿಲ್ಟರ್ ಮಾಡಿಸಿ ಕೆಲವೇ ತಿಂಗಳಲ್ಲಿ ಅಂಕಿ ಮತ್ತೆ ಕುಸಿದರೆ ಮಿಷನ್ನಿನವರನ್ನು ಬೈಯುವ ಮೊದಲು ಒಳಗಿನ ಕಾಗದವನ್ನು ನೆನಪಿಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್‌ನ ಹೆಚ್ಚಿನ ನೀರು ಕೂತಿರುವುದು ಸುರುಳಿಗೆ ಸುತ್ತಿದ ಕಾಗದದಲ್ಲಿ. ಎಣ್ಣೆ ಒಣಗಿದರೆ ಕಾಗದ ಮೆಲ್ಲಗೆ ಮತ್ತೆ ನೀರು ಬಿಡುತ್ತದೆ.

ನಾಳೆ ಗಿರಣಿಗೆ ಹೋದಾಗ ಬ್ರೀದರ್ (ಟ್ರಾನ್ಸ್‌ಫಾರ್ಮರ್ ಉಸಿರಾಡುವ ಡಬ್ಬಿ) ಒಳಗಿನ, ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ನೋಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಿ.