ಸೆಕೆಂಡ್ ಹ್ಯಾಂಡ್ ಕಾರು: ಮೊದಲು ಬಾನೆಟ್ ಮುಟ್ಟಿ ನೋಡಿ

ಹಳೆಯ ಕಾರು ನೋಡಲು ಹೊರಡುವ ಮುನ್ನ ಮಾರುವವರಿಗೆ ಒಂದು ಮಾತು ಹೇಳಿಡಿ: ‘ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.’ ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಎಂಜಿನ್ ಆಗಲೇ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದೇ ಲೇಸು. ತಿಣುಕಿ ಸ್ಟಾರ್ಟ್ ಆಗುವುದು, ಮೊದಲ ಕ್ಷಣಗಳ ಕಟಕಟ ಸದ್ದು, ಹೊಗೆ ಎಲ್ಲವೂ ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನಿನಲ್ಲೇ ಚೆನ್ನಾಗಿ ಬಯಲಾಗುವುದು.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಮೈ ನೋಡಿ. ತೆಳು ಎಣ್ಣೆಪಸೆ ಇದ್ದರೆ ಸರಿ. ಕೆನೆಯಂಥ ಕಂದು ನೊರೆ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆ. ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಿನಲ್ಲಿ ಚಳಿಗಾಲದ ತೇವದಿಂದಲೂ ಸ್ವಲ್ಪ ಹೀಗಾಗುವುದುಂಟು. ಆದ್ದರಿಂದ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕನ್ನೂ ಎಳೆದು ನೋಡಬೇಕು. ಅಲ್ಲೂ ನೊರೆಯಿದ್ದು, ಎಂಜಿನ್ ತಂಪಾಗಿಡುವ ದ್ರವದ (ಕೂಲಂಟ್) ಟ್ಯಾಂಕಿನಲ್ಲಿ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲು, ಹೋಗಿರುವ ಸಂಭವ ಹೆಚ್ಚು. ಅಂಥ ಕಾರಿಗೆ ಚೌಕಾಸಿಯನ್ನೇ ಮಾಡಬೇಡಿ.

ಕೀ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತದಿದ್ದರೆ ಯಾರಾದರೂ ಬೇಕೆಂದೇ ಅದನ್ನು ಕತ್ತರಿಸಿರಬಹುದು. ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರಿನಲ್ಲಿ ದೋಷದ ಕೋಡ್ ಒಂದೂ ಬರಲಿಲ್ಲವೆಂದು ಸಮಾಧಾನಪಡುವ ಮುನ್ನ, ಆ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಸ್ಥಿತಿ ತೋರಿಸುವ ರೆಡಿನೆಸ್ ಮಾನಿಟರ್ ಪುಟ ನೋಡಿ. ಹಲವು ಪರೀಕ್ಷೆಗಳು ಅಪೂರ್ಣ ಎಂದಿದ್ದರೆ, ಕೋಡ್ ಅಳಿಸಿಯೋ ಬ್ಯಾಟರಿ ಬಿಚ್ಚಿಯೋ ಹೆಚ್ಚು ದಿನವಾಗಿಲ್ಲ.

ಸೈಲೆನ್ಸರಿನ ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಸ್ಟಾರ್ಟ್ ಆದಾಗ ಒಮ್ಮೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲಿನ ಸವೆತ. ಎಕ್ಸಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಮೊದಲನೆಯದನ್ನು ತಡೆದುಕೊಳ್ಳಬಹುದು, ಎರಡನೆಯದು ಎಂಜಿನ್ ಬಿಚ್ಚುವ ಕೆಲಸ.

ಓಡೋಮೀಟರಿನ ಅಂಕಿಯನ್ನು ಬದಲಿಸುವುದು ಕಷ್ಟವಲ್ಲ. ಆದರೆ 30,000 ಕಿ.ಮೀ. ಎಂದು ತೋರಿಸುವ ಕಾರಿನಲ್ಲಿ ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದರೆ ಸರ್ವಿಸ್ ದಾಖಲೆಯ ಒಂದೊಂದು ಬಿಲ್ಲನ್ನೂ ಕೇಳಿ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿಯೂ ಸಾಕ್ಷಿಯೇ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಕಾರಿಗಿಂತ ಟೈರು ತೀರಾ ಹೊಸದಾಗಿದ್ದರೆ ಇಷ್ಟು ಕಡಿಮೆ ಓಟಕ್ಕೆ ಬದಲಿಸಿದ್ದೇಕೆಂದು ಕೇಳಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕಡೆ ಕಣ್ಣುಹಾಯಿಸಿ.

ನೆರೆನೀರಿನಲ್ಲಿ ಮುಳುಗಿದ ಕಾರನ್ನು ಪತ್ತೆಹಚ್ಚಲು ಸೀಟ್ ಬೆಲ್ಟಿಗಿಂತ ಸುಲಭದ ದಾರಿ ನಮಗೆ ತಿಳಿದಿಲ್ಲ. ಸೀಟು, ಕಾರ್ಪೆಟ್ ತೊಳೆಯುವವರು ಸುರುಳಿಯೊಳಗಿನ ಕೊನೆಯ ಮೊಳವನ್ನು ಮರೆಯುತ್ತಾರೆ. ಬೆಲ್ಟನ್ನು ಪೂರ್ತಿ ಎಳೆಯಿರಿ. ಕೆಸರಿನ ಗೆರೆ, ಮುಗ್ಗಲು ವಾಸನೆ ಅಲ್ಲಿ ಉಳಿದಿರುತ್ತದೆ. ಸೀಟಿನಡಿಯ ಬೋಲ್ಟುಗಳ ತುಕ್ಕನ್ನೂ ನೋಡಿ. ಅಂಥ ಕಾರಿನ ವೈರಿಂಗ್ ತಿಂಗಳುಗಟ್ಟಲೆ ತಡವಾಗಿ ಕೈಕೊಡುತ್ತದೆ. ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಓಡಿಸುವಾಗ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಎಕ್ಸಲರೇಟರ್ ಜೋರಾಗಿ ಒತ್ತಿ. ಎಂಜಿನ್ ಮೊರೆದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಟೋಮ್ಯಾಟಿಕ್ ಆದರೆ ಗೇರ್ ಹಾಕಿದಾಗ ತಡವಾಗುವುದು, ಧಡಕ್ಕನೆ ಜಗ್ಗುವುದು ಎರಡೂ ಕೆಟ್ಟ ಲಕ್ಷಣ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತುವಾಗ ಟಕಟಕ ಎಂದರೆ ಚಕ್ರಕ್ಕೆ ಎಂಜಿನ್ ಶಕ್ತಿ ಮುಟ್ಟಿಸುವ ಸಿವಿ ಜಾಯಿಂಟ್ ಸವೆದಿದೆ.

ಈಗ ಬೆಲೆ. ಅದೇ ಮಾಡೆಲ್, ವರ್ಷ, ವೇರಿಯಂಟಿನ ಎಂಟು ಹತ್ತು ಕಾರುಗಳ ದರ ಬರೆದುಕೊಳ್ಳಿ. ಅವು ಕೇಳುವ ದರಗಳು, ಕೊನೆಗೆ ಮಾರಾಟವಾದ ದರಗಳಲ್ಲ. ಬಳಿಕ ಮಾರುವವರ ಪರಿಚಯವಿಲ್ಲದ ಮೆಕ್ಯಾನಿಕ್‌ರಿಂದ ಮುಂದಿನ ಒಂದು ವರ್ಷದ ಕೆಲಸದ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅದನ್ನು 60,000ದಿಂದ 1,00,000 ಕಿ.ಮೀ. ನಡುವೆ ಬದಲಿಸಬೇಕು. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಿಡಿಯಿರಿ. ಇಂಥ ಬಾಕಿ ಕೆಲಸದ ಪೂರ್ತಿ ಮೊತ್ತವನ್ನು ಕಳೆಯಲು ಕೇಳುವುದು ನ್ಯಾಯ. ಅರ್ಧ ಸವೆದ ಟೈರಿಗೆ ಹಾಗೆ ಕೇಳುವುದು ಸರಿಯಲ್ಲ, ಹಳೆಯ ಕಾರಿನ ದರದಲ್ಲಿ ಅಷ್ಟು ಸವೆತ ಆಗಲೇ ಸೇರಿದೆ.

ಹಣ ಕೊಡುವ ಮುನ್ನ ಚಾಸಿ ನಂಬರಿನ 17 ಅಕ್ಷರ-ಅಂಕಿಗಳನ್ನು ಗಾಡಿಯ ಮೈಮೇಲಿಂದಲೇ ಓದಿ ಕಾಗದದ ಜೊತೆ ಒಂದೊಂದಾಗಿ ತಾಳೆ ನೋಡಿ. ಕಾರಿನ ಮೇಲೆ ಸಾಲವಿದ್ದಿದ್ದರೆ ತೀರಿದೆಯೆಂಬ ಪತ್ರ ಕೈಸೇರುವವರೆಗೆ ಪೂರ್ತಿ ಹಣ ಕೊಡಬೇಡಿ.